ಪಾಚಿ ಟೀಚರ್

ಕಳೆದ ವಾರ ನಮ್ಮ ಫ್ಲ್ಯಾಟಿನ ತಾರಸಿಯ ಮೇಲಿನ ನೀರಿನ ಟ್ಯಾಂಕಿ ತೊಳೆಯಲು ಇಬ್ಬರು ಬಂದಿದ್ದರು. ಒಬ್ಬ ಒಳಗಿಳಿದು ಗೋಡೆ ಉಜ್ಜುತ್ತಿದ್ದ. ಇನ್ನೊಬ್ಬ ಬಕೆಟಿನಲ್ಲಿ ಹಸಿರು ರಾಡಿಯನ್ನು ಮೇಲೆಳೆದು ಮೂಲೆಗೆ ಚೆಲ್ಲುತ್ತಿದ್ದ. ಒಣಗಿದ ಬಟ್ಟೆ ತರಲು ಮೇಲೆ ಹೋಗಿದ್ದ ನಾನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಅದು ಕೊಳೆತ ವಾಸನೆಯಲ್ಲ. ಹಸಿ ಮಣ್ಣು, ಕತ್ತರಿಸಿದ ಹುಲ್ಲು, ಎಲ್ಲೋ ಸ್ವಲ್ಪ ಮೀನು... ಎಲ್ಲ ಸೇರಿದ ಹಾಗೆ. "ವಾಸನೆ ಬರ್ತದಾ ಅಕ್ಕ? ಈಗ ಬ್ಲೀಚಿಂಗ್ ಹಾಕ್ತೇವೆ, ಹೋಗ್ತದೆ" ಎಂದ ಅವನು. ನಾನು ತಲೆಯಾಡಿಸಿ ಬಟ್ಟೆ ಎತ್ತಿಕೊಂಡು ಕೆಳಗಿಳಿದೆ. ಮೆಟ್ಟಿಲಿನ ಉದ್ದಕ್ಕೂ ನನ್ನ ಮನಸ್ಸು ಮಾತ್ರ ಹಿರಿಯಡ್ಕದ ಒಂದು ಅಡುಗೆಮನೆಯಲ್ಲಿತ್ತು.

ಆಗ ನಾನು ಕಾರ್ಕಳದ ಹತ್ತಿರ, ಕುಕ್ಕುಂದೂರಿನ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ನನ್ನ ಮನೆ ಕಾಪುವಿನಲ್ಲಿ, ಕಡಲಿಗೆ ಹತ್ತಿರ. ದಿನಾ ಎರಡು ಬಸ್ಸು ಬದಲಿಸಿ ಹೋಗಿಬರುವುದು ಸಾಕಾಗಿ, ಕಾರ್ಕಳದ ದಾರಿಯಲ್ಲೇ ಇರುವ ಹಿರಿಯಡ್ಕದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯ ಒಡತಿ ಉಡುಪಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಕ್ರಿಶ್ಚಿಯನ್ ಹೆಂಗಸಾದ್ದರಿಂದ ಬೀದಿಯವರೆಲ್ಲ ಅವರನ್ನು ಟೀಚರ್ ಬಾಯಿ ಎನ್ನುತ್ತಿದ್ದರು. ಕಾಲೇಜಿನ ಮಕ್ಕಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಪಾಚಿ ಟೀಚರ್. ಅದನ್ನು ನನಗೆ ಹೇಳಿದ್ದು ಅವರೇ, ಬಹಳ ಖುಷಿಯಿಂದ.

ಮೊದಲ ದಿನ ನಾನು ಹೋದಾಗ ಗೇಟಿಗೆ ಒಳಗಿನಿಂದ ಬೀಗ ಹಾಕಿತ್ತು. ಬೀಗದ ಕೈ ಅವರ ಕೊರಳಿನ ಸರದಲ್ಲಿ, ಪುಟ್ಟ ಶಿಲುಬೆಯ ಪಕ್ಕದಲ್ಲಿ ತೂಗುತ್ತಿತ್ತು. ಅವರು ಬಂದು ಬೀಗ ತೆರೆಯುವಾಗ ಹಿಂದೆಯೇ ಒಬ್ಬ ಎತ್ತರದ, ಬೆಳ್ಳಗಿನ ಮುದುಕರು ನಿಂತಿದ್ದರು. ಟೀಚರ್ ನೈಟಿಯ ಮೇಲೆ ಹೆಗಲಿಗೆ ಹಾಕಿಕೊಂಡಿದ್ದ ಬೈರಾಸಿನ, ಅಂದರೆ ತೆಳು ಟವೆಲಿನ, ತುದಿ ಆ ಮುದುಕರ ಮುಷ್ಟಿಯಲ್ಲಿತ್ತು. ಜಾತ್ರೆಯಲ್ಲಿ ಮಗು ತಾಯಿಯ ಸೆರಗು ಹಿಡಿದ ಹಾಗೆ.

"ನನ್ನ ಗಂಡ. ಹೆದರಬೇಡ, ಪಾಪದವರು. ನನ್ನನ್ನು ಬಿಟ್ಟು ಇರುವುದಿಲ್ಲ, ಅಷ್ಟೇ" ಎಂದರು.

ಅಂಕಲ್ ಕೊಲ್ಲಿ ದೇಶದಲ್ಲಿ ದುಡಿದವರು. ಮದುವೆಯಾದ ಮೇಲೆ ಅರ್ಧ ಆಯುಷ್ಯ ಅಲ್ಲೇ ಕಳೆದಿತ್ತು. ಮಕ್ಕಳಿರಲಿಲ್ಲ. ಊರಿಗೆ ಮರಳಿದ ಸ್ವಲ್ಪ ಸಮಯದಲ್ಲೇ ಮರೆವಿನ ಕಾಯಿಲೆ ಹಿಡಿಯಿತು. ಒಂದು ಸಲ ಟೀಚರ್ ಕಾಲೇಜಿಗೆ ಹೋಗಿದ್ದಾಗ ಯಾವುದೋ ಬಸ್ಸು ಹತ್ತಿ ಕಾಣೆಯಾದರಂತೆ. ಸಂಜೆ ಸಂತೆಕಟ್ಟೆಯಲ್ಲಿ, ಹೆದ್ದಾರಿಯ ನಟ್ಟನಡುವೆ ನಿಂತು, ಏರ್‌ಪೋರ್ಟಿಗೆ ಹೋಗುವ ಬಸ್ಸು ಯಾವುದೆಂದು ಲಾರಿಗಳಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದರಂತೆ. ಟೀಚರ್ ಕೆಲಸ ಬಿಟ್ಟರು. ಗೇಟಿಗೆ ಬೀಗ ಬಂತು.

"ಆಗ ವರ್ಷಕ್ಕೆ ಒಂದು ತಿಂಗಳು ಸಿಗುತ್ತಿದ್ದರು. ಹೋಗುವಾಗ ನಾನು ಅತ್ತು ರಂಪ ಮಾಡುತ್ತಿದ್ದೆ, ಹೋಗಬೇಡಿ ಅಂತ. ಈಗ ನೋಡು, ಬಾತ್‌ರೂಮಿಗೆ ಹೋದರೂ ಬಾಗಿಲ ಹೊರಗೆ ನಿಲ್ಲುತ್ತಾರೆ" ಎಂದು ಟೀಚರ್ ಒಂದು ದಿನ ಹೇಳಿದರು. ನಗಬೇಕೋ ಬೇಡವೋ ನನಗೆ ಗೊತ್ತಾಗಲಿಲ್ಲ. ಅವರೂ ನಗಲಿಲ್ಲ.

ಅಡುಗೆಮನೆಯ ಕಿಟಕಿಯ ಹತ್ತಿರ, ಮಸಾಲೆ ಡಬ್ಬಿಗಳ ಪಕ್ಕ, ಒಂದು ಸೂಕ್ಷ್ಮದರ್ಶಕ ಇತ್ತು. ಅದರ ಮೇಲೆ ಮಿಕ್ಸಿಗೆ ಹಾಕುವಂಥ ಬಟ್ಟೆಯ ಹೊದಿಕೆ. ನಾನು ಕಾಪುವಿನವಳು ಎಂದು ತಿಳಿದ ದಿನ ಅವರು ಆ ಹೊದಿಕೆ ತೆಗೆದರು.

"ಲೈಟ್‌ಹೌಸ್ ಹತ್ತಿರದ ಬಂಡೆಗೆ ಹೋಗ್ತೀಯಾ ನೀನು? ನೀರು ಇಳಿದಾಗ? ಅಲ್ಲಿ ಬಂಡೆಗೆ ಅಂಟಿಕೊಂಡ ಸೊಪ್ಪು ಇರ್ತದಲ್ಲ, ಸ್ವಲ್ಪ ತಂದುಕೊಡ್ತೀಯಾ? ಪ್ಲಾಸ್ಟಿಕ್ ಕವರಿನಲ್ಲಿ, ಕಡಲ ನೀರಿನ ಜೊತೆಗೇ ತರಬೇಕು."

ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ನಾನು ಕಾಲು ಜಾರಿಸುವ ಆ ಲೋಳೆಯನ್ನು ಬೈದಿದ್ದೆನೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಮುಂದಿನ ಭಾನುವಾರ ಒಂದು ಕವರು ತುಂಬಿಸಿ ತಂದೆ. ಟೀಚರ್ ಅದನ್ನು ಬಿಳಿಯ ಬೋಗುಣಿಗೆ ಸುರಿದರು. ಬಸ್ಸಿನಲ್ಲಿ ಮುದುಡಿ ಬಂದಿದ್ದ ಸೊಪ್ಪು ನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಂಡಿತು. ತೆಳ್ಳಗಿನ ಹಸಿರು ಹಾಳೆಯಂಥದ್ದು ಉಲ್ವಾ. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಕಂದು ಬಣ್ಣದ್ದು ಸರ್ಗಾಸಮ್. ಅದರ ಎಲೆಗಳ ನಡುವಿನಿಂದ ಉಗುರಿಗಿಂತ ಚಿಕ್ಕ ಸಿಗಡಿಮರಿಯೊಂದು ಪುಟಕ್ಕನೆ ಹಾರಿತು. "ನೋಡು, ಮೀನು ಸಿಗಡಿಗಳಿಗೆಲ್ಲ ಇದು ಬಾಲವಾಡಿ. ಇದು ಇಲ್ಲದಿದ್ದರೆ ಮರಿಗಳು ಎಲ್ಲಿ ಅಡಗಿಕೊಳ್ಳಬೇಕು?" ಎಂದರು. ಅವರ ಮುಖ ಬೇರೆಯೇ ಆಗಿತ್ತು. ಅಂಕಲ್ ಬೈರಾಸಿನ ತುದಿ ಹಿಡಿದುಕೊಂಡೇ ಬೋಗುಣಿಯೊಳಗೆ ಬಗ್ಗಿ ನೋಡುತ್ತಿದ್ದರು.

ಆಮೇಲೆ ಅದೇ ಅಭ್ಯಾಸವಾಯಿತು. ಎಲ್ಲಿಗೆ ಹೋದರೂ ನನ್ನ ಚೀಲದಲ್ಲಿ ಒಂದು ಖಾಲಿ ಬಾಟಲಿ. ಕಾಪುವಿನ ಕಡಲು, ಉದ್ಯಾವರದ ಹೊಳೆ, ಮಣಿಪಾಲದ ಕೆರೆ, ಕಾರ್ಕಳದ ಕೆರೆ, ದಾರಿಬದಿಯ ಗದ್ದೆಯ ತೋಡು. ಮನೆಯಿಂದ ಹೊರಗೆ ಕಾಲಿಡದ ಹೆಂಗಸು ಒಂದೊಂದು ಹನಿಯಲ್ಲಿ ಇಡೀ ಜಿಲ್ಲೆ ತಿರುಗಿ ಬರುತ್ತಿದ್ದರು. ಮಳೆಗಾಲ ಮುಗಿದ ಮೇಲಿನ ಕಡಲ ನೀರಿನಲ್ಲಿ ಗಾಜಿನ ಪೆಟ್ಟಿಗೆಗಳಂಥ, ಗಾಜಿನ ದೋಣಿಗಳಂಥ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳನ್ನು ನನಗೆ ತೋರಿಸಿದರು. "ನಿನ್ನ ತಮ್ಮ ಬಲೆ ಹಾಕಿ ಬೂತಾಯಿ ಮೀನು ಹಿಡೀತಾನಲ್ಲ, ಆ ಬೂತಾಯಿಯ ಊಟ ಇದು. ಇದು ಹುಲುಸಾಗಿ ಬಂದರೆ ಬೂತಾಯಿ ಬರ್ತದೆ. ನೀನು ಈಗ ಎಳೆದುಕೊಂಡ ಉಸಿರಿನಲ್ಲಿ ಸುಮಾರು ಅರ್ಧ ಇಂಥವೇ ಕೊಟ್ಟದ್ದು. ಕಾಡು ಕಾಡು ಅಂತ ಎಲ್ಲರೂ ಹೇಳ್ತಾರೆ, ಪಾಚಿಯನ್ನು ಮಾತ್ರ ಉಜ್ಜಿ ತೆಗೀತಾರೆ." ನನ್ನ ತಮ್ಮ ಮೀನಿನ ದೋಣಿಗೆ ಹೋಗುವವನು. ಅವನಿಗೆ ಇದನ್ನು ಹೇಳಿದಾಗ, "ನಿನ್ನ ಟೀಚರ್ ಹತ್ತಿರ ಬೂತಾಯಿ ಯಾವಾಗ ಬರ್ತದೆ ಅಂತ ಕೇಳಿ ಹೇಳು ಅಕ್ಕ" ಎಂದು ತಮಾಷೆ ಮಾಡಿದ್ದ.

ಆದರೆ ಎಲ್ಲ ದಿನಗಳೂ ಹಾಗಿರಲಿಲ್ಲ. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅನ್ನ ಸೀದ ವಾಸನೆ. ಟೀಚರ್ ಚಾವಡಿಯ ಕುರ್ಚಿಯಲ್ಲಿ ಅಲ್ಲಾಡದೆ ಕುಳಿತಿದ್ದರು. ಪಕ್ಕದಲ್ಲಿ ಅಂಕಲ್ ನಿದ್ರೆ ಹೋಗಿದ್ದರು, ಬೈರಾಸಿನ ತುದಿಯನ್ನು ಕೈಗೆ ಸುತ್ತಿಕೊಂಡು. "ಗ್ಯಾಸ್ ಆಫ್ ಮಾಡು" ಎಂದು ಸನ್ನೆ ಮಾಡಿದರು. ಆಫ್ ಮಾಡಿ ಬಂದೆ.

"ಎಳೆದರೆ ಏಳ್ತಾರೆ. ಎದ್ದರೆ ಅಳ್ತಾರೆ" ಎಂದು ಪಿಸುಗುಟ್ಟಿದರು. "ಬೈರಾಸು ತೆಗೆದು ಅವರ ಹತ್ತಿರವೇ ಬಿಟ್ಟು ಏಳಬಹುದು ಅಂತ ನೀನು ಹೇಳ್ತೀ. ಅದನ್ನೂ ಮಾಡಿ ನೋಡಿದ್ದೇನೆ. ಅವರಿಗೆ ಗೊತ್ತಾಗ್ತದೆ ಮಾರಾಯ್ತಿ, ಅದರಲ್ಲಿ ನಾನು ಇಲ್ಲ ಅಂತ..." ಅಂದು ಮೊದಲ ಸಲ ಅವರ ಕಣ್ಣಲ್ಲಿ ನೀರು ನೋಡಿದೆ. ಆ ಕಿಟಕಿಯ ಸರಳುಗಳು, ಆ ಗೇಟು, ಆ ಚಾವಡಿಯ ಮಬ್ಬು ಬೆಳಕು ನನಗೇ ಉಸಿರು ಕಟ್ಟಿಸಿದವು. ನನಗಾದರೋ ಬೆಳಿಗ್ಗೆ ಬಸ್ಸು ಇತ್ತು.

ಆ ವರ್ಷದ ಬೇಸಿಗೆಯಲ್ಲಿ ಕೋರೆಯ ವಿಷಯ ನಡೆಯಿತು.

ನನ್ನ ಶಾಲೆಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಕಲ್ಲಿನ ಕೋರೆಯಿತ್ತು. ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ಮಳೆನೀರು ತುಂಬಿ ಕೆರೆಯ ಹಾಗಾಗಿತ್ತು. ಸುತ್ತಲೂ ಕಡಿದ ಕರಿಬಂಡೆಯ ಗೋಡೆ. ನೀರು ಒಳಗೆ ಬರುತ್ತಿತ್ತೇ ಹೊರತು ಹೊರಗೆ ಹೋಗಲು ದಾರಿಯಿರಲಿಲ್ಲ. ಅದರ ದಡದಲ್ಲಿ ಶೆಡ್ ಕಟ್ಟಿಕೊಂಡು ಉತ್ತರ ಕರ್ನಾಟಕದಿಂದ ಬಂದ ಕೂಲಿಯವರ ಸಂಸಾರಗಳಿದ್ದವು. ಅವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಆಡುಗಳಿಗೆ ನೀರು ಕುಡಿಸುವುದು ಎಲ್ಲ ಅಲ್ಲೇ. ಕುಡಿಯಲು ಟ್ಯಾಂಕರ್ ಬರುತ್ತಿತ್ತು, ಬೇಸಿಗೆಯಲ್ಲಿ ಅದೂ ಅಪರೂಪ.

ಮಕ್ಕಳಲ್ಲಿ ಒಬ್ಬಳು ಒಂದು ವಾರ ಶಾಲೆಗೆ ಬರಲಿಲ್ಲ. ನೋಡಲು ಹೋದೆ. ಮೈಯೆಲ್ಲ ತುರಿಕೆ, ವಾಂತಿ, ಎದ್ದು ಕೂರಲಾರದ ಸುಸ್ತು. ಎರಡು ಆಡುಗಳೂ ಸತ್ತಿದ್ದವು. ಹೊರಗೆ ಬಂದು ನೋಡಿದರೆ ಕೋರೆಯ ನೀರಿನ ಮೇಲೆ ಯಾರೋ ಹಸಿರು ಪೇಂಟಿನ ಡಬ್ಬಿ ಕವುಚಿದ ಹಾಗಿತ್ತು. ಗಾಳಿಗೆ ಆ ಹಸಿರೆಲ್ಲ ಶೆಡ್‌ಗಳ ಕಡೆಯ ದಡಕ್ಕೇ ಸೇರಿ ಕೆನೆಗಟ್ಟಿತ್ತು. ಬಾಟಲಿಯಲ್ಲಿ ಸ್ವಲ್ಪ ತುಂಬಿಸಿಕೊಂಡೆ.

ಟೀಚರ್ ಅಂದು ಸೂಕ್ಷ್ಮದರ್ಶಕದಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ನನಗೂ ತೋರಿಸಿದರು. ಮೋಡದ ಚೂರುಗಳಂಥ ಗುಂಪುಗಳು, ಅವುಗಳ ತುಂಬ ಕಸಕಸೆಯ ಹಾಗೆ ಚುಕ್ಕಿಗಳು.

"ಇದು ನಾವು ನೋಡುವ ಪಾಚಿಯಂಥದ್ದಲ್ಲ. ನೀಲಿ-ಹಸಿರಿನದ್ದು. ಇದರಲ್ಲಿ ವಿಷ ಇರಬಹುದು. ಸೋಪಿನ ನೀರು, ಆಡಿನ ಗೊಬ್ಬರ, ಬಿಸಿಲು. ಹೊರಗೆ ಹೋಗಲಿಕ್ಕೆ ಜಾಗ ಇಲ್ಲ. ಕೊಬ್ಬಿದೆ. ಆ ಮಗುವನ್ನು ಇವತ್ತೇ ಆಸ್ಪತ್ರೆಗೆ ಕಳಿಸು. ಅವರು ಈ ನೀರು ಕುಡೀತಾರಾ?"

"ಟ್ಯಾಂಕರ್ ಬಾರದಿದ್ದರೆ ಕುದಿಸಿ ಕುಡೀತಾರೆ ಟೀಚರ್. ಅಡುಗೆಗೂ ಅದೇ."

"ಕುದಿಸಿದರೆ ಕ್ರಿಮಿ ಸಾಯ್ತದೆ. ಈ ವಿಷ ಹೋಗುವುದಿಲ್ಲ. ಹೇಳು ಅವರಿಗೆ, ಮುಟ್ಟಬಾರದು ಅಂತ."

ಫೋನು ಮಾಡಿ ಹುಡುಗಿಯನ್ನು ಆಸ್ಪತ್ರೆಗೆ ಕಳಿಸಿದೆ. ಮರುದಿನ ನಾನೇ ಹೋಗಿ ಹೇಳಿದೆ. ಹುಡುಗಿಯ ತಾಯಿ ಮಗಳನ್ನು ಅಲ್ಲಿ ಬಿಟ್ಟು ಅಡುಗೆಗೆಂದು ಆಗಷ್ಟೇ ಬಂದಿದ್ದಳು. "ಕಾಸಿ ಆರಿಸೇ ಕುಡೀತೀವ್ರೀ ಅಕ್ಕೋರ, ಹಸಿ ನೀರು ಬಾಯಾಗ ಹಾಕೂದಿಲ್ಲ. ನಮ್ಮೂರಾಗ ಕೆರಿ ನೀರು ಕುಡದೇ ಬೆಳದೀವಿ. ಇದು ಬ್ಯಾಡಂದ್ರ ಬ್ಯಾರೆ ನೀರು ಎಲ್ಲೈತ್ರಿ?" ಎಂದಳು. ಅಷ್ಟರಲ್ಲಿ ಕೂಲಿಯವರ ಮೇಸ್ತ್ರಿ ಬಂದ. ಅಡಿಕೆಗೆ ಹೊಡೆಯುವ ಮೈಲುತುತ್ತನ್ನು ಗೋಣಿಯಲ್ಲಿ ತಂದಿಟ್ಟಿದ್ದ. "ಎಂತ ಗಲಾಟೆ ಟೀಚರ್? ನಾಳೆ ಇದನ್ನು ಕದಡಿ ಬಿಟ್ಟರೆ ಪಾಚಿ ಎಲ್ಲ ಸತ್ತು ನೀರು ಕನ್ನಡಿ ಆಗ್ತದೆ."

ಟೀಚರಿಗೆ ಹೇಳಿದಾಗ ಅವರು ಕುಳಿತಲ್ಲಿಂದ ಎದ್ದೇಬಿಟ್ಟರು. "ಬೇಡ ಅಂತ ಹೇಳು! ಅದು ಸಾಯುವಾಗಲೇ ಒಳಗಿನ ವಿಷ ಎಲ್ಲ ಒಮ್ಮೆಗೇ ನೀರಿಗೆ ಬಿಡ್ತದೆ. ಮೇಲಿಂದ ನೀರು ಚೊಕ್ಕ ಕಾಣ್ತದೆ, ಆಗ ಎಲ್ಲರೂ ಕುಡೀತಾರೆ." ಅವರನ್ನೇ ಮೇಸ್ತ್ರಿಯೊಂದಿಗೆ ಫೋನಿನಲ್ಲಿ ಮಾತಾಡಿಸಿದೆ. ಮೇಸ್ತ್ರಿ ಹೂಂ ಹೂಂ ಎಂದು ಇಟ್ಟುಬಿಟ್ಟ. ಪಂಚಾಯಿತಿಗೂ ಫೋನು ಮಾಡಿದೆ. ಸದಸ್ಯರೊಬ್ಬರು, "ತಿಳಿದವರು ಯಾರಾದರೂ ಬಂದು ಎದುರಿಗೆ ಹೇಳಿದರೆ ಒಳ್ಳೆಯದಿತ್ತು" ಎಂದರು.

ಟೀಚರ್ ಗಂಡನ ಮುಖ ನೋಡಿದರು. ಗೇಟಿನ ಕಡೆ ನೋಡಿದರು. ಆಮೇಲೆ, "ಬೆಳಿಗ್ಗೆ ಒಂದು ಕಾರಿಗೆ ಹೇಳು. ನಾವಿಬ್ಬರೂ ಬರ್ತೇವೆ" ಎಂದರು.

ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಕಾಲೇಜಿಗೆ ಉಡುತ್ತಿದ್ದ ಸೀರೆಯಿರಬೇಕು. ಅಂಕಲ್ ಕೈಗೆ ಈಗ ಸೆರಗು. ಕಾರಿನ ಕಿಟಕಿಯಿಂದ ಟೀಚರ್ ಅಂಗಡಿ, ಗದ್ದೆ, ಹೊಸ ಕಟ್ಟಡ, ಎಲ್ಲವನ್ನೂ ಹೊರದೇಶಕ್ಕೆ ಬಂದವರ ಹಾಗೆ ನೋಡುತ್ತಿದ್ದರು.

ಕೋರೆಯ ಬಳಿ ಜನ ಸೇರಿದ್ದರು. ಟೀಚರ್ ದಡದಲ್ಲಿ ನಿಂತು, ತರಗತಿಯಲ್ಲಿ ಪಾಠ ಹೇಳುವ ಹಾಗೆ ಹೇಳಿದರು. ಎಲ್ಲ ಪಾಚಿಯೂ ಕೆಟ್ಟದ್ದಲ್ಲ, ಕೆರೆಯ ಮೀನಿಗೂ ಕಪ್ಪೆಗೂ ಅದೇ ಆಧಾರ, ಆದರೆ ಇದು ಬೇರೆ, ನಿಂತ ನೀರಿನಲ್ಲಿ ಅದಕ್ಕೆ ತಿನ್ನಲು ಹೆಚ್ಚಾದಾಗ ಹೀಗಾಗುತ್ತದೆ ಎಂದೆಲ್ಲ. ಜನ ಸೆರಗು ಹಿಡಿದು ನಿಂತ ಮುದುಕರನ್ನು ನೋಡುತ್ತಿದ್ದರು. ಒಂದಿಬ್ಬರು ಹುಡುಗಿಯರು ಬಾಯಿ ಮುಚ್ಚಿ ನಕ್ಕರು. ಮೇಸ್ತ್ರಿ ವಾಚು ನೋಡಿಕೊಂಡ. ಟೀಚರ್ ಸ್ವರ ಸಣ್ಣದಾಗುತ್ತ ಬಂತು.

ಬಿಸಿಲು ಏರಿತ್ತು. ಅಂಕಲಿಗೆ ಬಾಯಾರಿರಬೇಕು. "ಉದಾಕ್" ಎಂದರು. ಕೊಂಕಣಿಯಲ್ಲಿ ನೀರು. ಮುಖ ಅರಳಿತ್ತು. ಯಾರೂ ಗಮನಿಸುವ ಮೊದಲೇ ಒಂದು ಕೈಯಲ್ಲಿ ಸೆರಗು ಹಿಡಿದಂತೆಯೇ ಬಗ್ಗಿ, ಇನ್ನೊಂದು ಕೈಯಲ್ಲಿ ಆ ಹಸಿರು ನೀರನ್ನು ಮೊಗೆದು ಬಾಯಿಗೆ ತಂದರು.

"ನಾಕಾ!" ಬೇಡ ಎಂದು ಟೀಚರ್ ಚೀರಿದ ಸದ್ದು ಬಂಡೆಗೋಡೆಗೆ ಬಡಿದು ತಿರುಗಿ ಬಂತು. ಅದರ ಜೊತೆಗೇ ಅವರ ಕೈ ಗಂಡನ ಕೈಗೆ ಬೀಸಿ ಹೊಡೆಯಿತು. ನೀರು ಚೆಲ್ಲಿತು. ಟೀಚರ್ ಗಂಡನನ್ನು ಅಲ್ಲೇ ಕೂರಿಸಿ, ತಾವೂ ಮೊಣಕಾಲೂರಿ, ಸೆರಗಿನಿಂದ ಅವರ ತುಟಿ, ಗಲ್ಲ, ಬೆರಳಿನ ಸಂದುಗಳನ್ನು ಉಜ್ಜಿದರು. ನಾನು ಬಾಟಲಿಯಲ್ಲಿ ತಂದಿದ್ದ ಕುಡಿಯುವ ನೀರನ್ನು ಸುರಿದೆ. ಅವರು ತೊಳೆದರು, ಮತ್ತೆ ತೊಳೆದರು. ಅಂಕಲ್ ಹೊಡೆತ ಬಿದ್ದ ಕೈಯನ್ನೇ ನೋಡುತ್ತ ಕುಳಿತಿದ್ದರು.

ಆಮೇಲೆ ಆಸ್ಪತ್ರೆಯಲ್ಲಿದ್ದ ಹುಡುಗಿಯ ತಾಯಿ ಪಕ್ಕದವಳಿಗೆ ಹೇಳಿದಳು, "ಇಂಥಾ ಗಂಡಗ ಹೊಡದ ತಡದ್ಲು ಅಂದ್ರ... ಆ ನೀರಾಗ ಏನೋ ಐತಿ ಬಿಡವ್ವ." ಶೆಡ್ಡಿನೊಳಗೆ ಹೋಗಿ ಒಲೆಯ ಮೇಲಿನ ನೀರಿನ ಪಾತ್ರೆ ತಂದು ನೆಲಕ್ಕೆ ಸುರಿದಳು. ಬೇರೆ ಹೆಂಗಸರೂ ತಮ್ಮ ತಮ್ಮ ಕೊಡಗಳನ್ನು ಹೊರಗೆ ತಂದರು. ಪಂಚಾಯಿತಿಯ ಸದಸ್ಯರು ಅಲ್ಲಿಂದಲೇ ಟ್ಯಾಂಕರಿಗೆ ಫೋನು ಮಾಡಿದರು. ಮೇಸ್ತ್ರಿ ಮೈಲುತುತ್ತಿನ ಗೋಣಿಯನ್ನು ಎತ್ತಿ ತನ್ನ ಟೆಂಪೊಗೆ ಹಾಕಿಕೊಂಡ. ಆ ಬೇಸಿಗೆ ಮುಗಿಯುವವರೆಗೂ ಟ್ಯಾಂಕರ್ ತಪ್ಪದೆ ಬಂತು, ಮುಂದಿನ ವರ್ಷ ನಳ್ಳಿ ನೀರೂ ಬಂತು. ಹುಡುಗಿ ಶಾಲೆ ಮುಚ್ಚುವ ಮೊದಲು ತರಗತಿಗೆ ಮರಳಿದಳು.

ಆದರೆ ಅಂದು ವಾಪಸು ಬರುವಾಗ ಅಂಕಲ್ ಕಾರಿನ ಇನ್ನೊಂದು ಬದಿಗೆ ಸರಿದು ಕುಳಿತರು. ಟೀಚರ್ ಸೆರಗನ್ನು ತಾವೇ ಎಳೆದು ಅವರ ತೊಡೆಯ ಮೇಲಿಟ್ಟರು. ಅವರು ಅದನ್ನು ಮೆಲ್ಲನೆ ಆಚೆ ಸರಿಸಿದರು. ಬೈಲೂರು ದಾಟಿದ ಮೇಲೆ ಟೀಚರ್ ಮತ್ತೆ ಇಟ್ಟರು. ಮತ್ತೆ ಸರಿಸಿದರು.

ಆ ದಿನದ ನಂತರ ಅಂಕಲ್ ಸೆರಗನ್ನಾಗಲಿ ಬೈರಾಸನ್ನಾಗಲಿ ಹಿಡಿಯಲೇ ಇಲ್ಲ. ಕೊಂಕಣಿಯಲ್ಲಿ ಹೆಂಡತಿಯನ್ನು 'ತುಂ' ಎನ್ನುತ್ತಿದ್ದವರು 'ತುಮಿ' ಎನ್ನತೊಡಗಿದರು, ನೀನು ಹೋಗಿ ನೀವು ಆಯಿತು. ಊಟ ಬಡಿಸಿದರೆ ಪರಿಚಯವಿಲ್ಲದ ಮನೆಗೆ ಬಂದ ನೆಂಟರ ಹಾಗೆ ಉಪಚಾರದ ಮಾತಾಡುತ್ತಿದ್ದರು. ಕಾಯಿಲೆ ಮುಂದಕ್ಕೆ ಹೋಗಿದೆ, ಆ ಹೊಡೆತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಟೀಚರ್ ಒಪ್ಪಿದ ಹಾಗೆ ತಲೆಯಾಡಿಸಿದರು.

"ಮತ್ತೆ ಹಾಗೇ ಆದರೆ ಮತ್ತೆ ಹೊಡೀತೇನೆ. ಅದರಲ್ಲಿ ಎರಡು ಮಾತಿಲ್ಲ" ಎಂದರು ನನ್ನ ಹತ್ತಿರ. ಗೇಟಿನ ಕಡೆ ನೋಡಿ, "ಈಗ ನಾನು ಎಲ್ಲಿಗೆ ಬೇಕಾದರೂ ಹೋಗಬಹುದು, ಅವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಹೇಗೆ ಹೋಗುವುದು ಹೇಳು..." ನೋಡಿಕೊಳ್ಳಲು ಒಬ್ಬಾಕೆಯನ್ನು ಗೊತ್ತು ಮಾಡಬಹುದಿತ್ತು. ಕೇಳಿಯೂ ನೋಡಿದೆ. ಬೇಡವೆಂದರು. ಗಂಡ ಚಾವಡಿಯಲ್ಲಿ ಕುಳಿತರೆ ಇವರು ಈಗ ಬಾಗಿಲ ಬಳಿ ನಿಲ್ಲುತ್ತಿದ್ದರು, ಅವರು ಕರೆಯಬಹುದೇನೋ ಎಂದು. ಬೀಗದ ಕೈ ಕೊರಳಲ್ಲೇ ಇತ್ತು.

ನನಗೆ ಮದುವೆಯಾಗಿ ಉಡುಪಿಗೆ ಬಂದ ಮೇಲೂ ಆಗಾಗ ಹೋಗುತ್ತಿದ್ದೆ. ಅಂಕಲ್ ಒಂದು ಮಳೆಗಾಲದಲ್ಲಿ ತೀರಿಕೊಂಡರು. ಮಳೆ ಬಿಟ್ಟ ಮೇಲೆ ಒಂದು ದಿನ ನಾನು ಟೀಚರನ್ನು ಹಟ ಮಾಡಿ ಕಾಪುವಿಗೆ ಕರೆದುಕೊಂಡು ಹೋದೆ. ನೀರು ಚೆನ್ನಾಗಿ ಇಳಿದ ಹೊತ್ತು ನೋಡಿಕೊಂಡೇ ಹೋಗಿದ್ದೆ. ಬಂಡೆಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಅವರ ಕಾಲಲ್ಲಿ ಶಕ್ತಿಯಿತ್ತು, ನನ್ನ ಕೈ ಹಿಡಿದು ಮೊದಲ ಬಂಡೆ ಹತ್ತಿದರು ಕೂಡ. ಬಂಡೆಯ ಕುಳಿಯ ನೀರಿನಲ್ಲಿ ಸರ್ಗಾಸಮ್ ಅಲ್ಲಾಡುತ್ತಿತ್ತು. ನಾನು ಅವರ ಮುಖವನ್ನೇ ಕಾಯುತ್ತಿದ್ದೆ.

ಅವರು ಒಮ್ಮೆ ಬಗ್ಗಿ ನೋಡಿದರು. ಎದ್ದು ಕಡಲಿನ ಕಡೆ ನೋಡಿದರು. ಅಷ್ಟು ಆಕಾಶ, ಅಷ್ಟು ಗಾಳಿ. ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ಇಲ್ಲಿ ಗಾಳಿ ಜಾಸ್ತಿ. ನೀನು ಒಂದು ಬಾಟಲಿಯಲ್ಲಿ ಸ್ವಲ್ಪ ತಾ, ಮನೆಯಲ್ಲಿ ಕೂತು ನೋಡುವ" ಎಂದರು.

"ಸ್ವಲ್ಪ ಹೊತ್ತು ಕೂರುವ ಟೀಚರ್. ಅವಸರ ಎಂತ ಉಂಟು?"

"ಅವಸರ ಇಲ್ಲ ಮಾರಾಯ್ತಿ. ನನಗೆ ಇದು ದೊಡ್ಡದಾಯಿತು."

ನಾವು ಮರಳಿದೆವು. ಮನೆಗೆ ಬಂದು ಗೇಟಿಗೆ ಬೀಗ ಹಾಕಿದ ಮೇಲೆಯೇ ಅವರ ಉಸಿರಾಟ ಸರಿಯಾದದ್ದು. ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಆ ನೀರಿನ ಒಂದು ಹನಿ ನೋಡುತ್ತ, ಅದು ಇದೆ, ಇದು ಇದೆ ಎಂದು ಸಂಜೆಯವರೆಗೂ ನನಗೆ ಹೇಳಿದರು. ಸಂತೋಷವಾಗಿಯೇ ಇದ್ದರು. ನನಗೆ ಮಾತ್ರ ಬಸ್ಸಿನಲ್ಲಿ ಬರುವಾಗ ಅಳು ತಡೆಯಲಾಗಲಿಲ್ಲ. ಇನ್ನೂ ಎರಡು ವರ್ಷ ಅವರು ಹಾಗೇ ಇದ್ದರು, ಆ ಗೇಟಿನ ಒಳಗೆ. ಆಮೇಲೆ ಒಂದು ಬೆಳಿಗ್ಗೆ ಎದ್ದೇಳಲಿಲ್ಲ. ಮನೆ ಯಾರಿಗೋ ಹೋಯಿತು. ಸೂಕ್ಷ್ಮದರ್ಶಕ ಏನಾಯಿತೋ ಗೊತ್ತಿಲ್ಲ.

ಮೊನ್ನೆ ಭಾನುವಾರ ತಮ್ಮ ಫೋನು ಮಾಡಿದ್ದ. ಕಾಪುವಿನ ಹತ್ತಿರ ಕಡಲ ನೀರು ಎರಡು ಮೂರು ದಿನಗಳಿಂದ ಹಸಿರಾಗಿದೆಯಂತೆ. ಜನ ವಿಡಿಯೊ ಮಾಡುತ್ತಿದ್ದಾರಂತೆ. ವಿಷ ಎನ್ನುತ್ತಾರೆ ಕೆಲವರು, ಈ ವರ್ಷ ಬೂತಾಯಿ ಒಳ್ಳೆಯದಾಗುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಬಲೆ ಹಾಕಬೇಕೋ ಬೇಡವೋ ಎಂದು ಯಾರಿಗೂ ತಿಳಿಯುತ್ತಿಲ್ಲ.

"ನಿನ್ನ ಟೀಚರ್ ಹತ್ತಿರ ಒಮ್ಮೆ ಕೇಳು ಅಕ್ಕ" ಎಂದ.

"ಆಯಿತು, ಕೇಳಿ ಹೇಳ್ತೇನೆ" ಎಂದುಬಿಟ್ಟೆ.

ಹೇಳಿದ ಮೇಲೆ ನೆನಪಾಯಿತು. ಅವರು ಹೋದದ್ದನ್ನು ತಮ್ಮನಿಗೆ ನಾನು ಹೇಳಿಯೇ ಇರಲಿಲ್ಲ. "ಟೀಚರ್ ಇಲ್ಲ ಈಗ" ಎಂದೆ.

"ಹಾಗಾದ್ರೆ ಇನ್ನು ಯಾರ ಹತ್ತಿರ ಕೇಳುವುದು?" ಎಂದ ಅವನು.